ಖಾಲಿ ತಟ್ಟೆಯ ಸಾಕ್ಷಿ

ಮಾರ್ಚ್ ೧೪, ಗುರುವಾರ

ತಲೆಬಾಗಿ ತಪ್ಪೊಪ್ಪಿಕೊಳ್ಳುತ್ತೇನೆ. ಮಂಗಳವಾರ ಪ್ರಯೋಗಾಲಯದಲ್ಲಿ, ‘ಇಲ್ಲಿ ಏನನ್ನೂ ತಿನ್ನಬಾರದು’ ಎಂದು ನಾನೇ ಬರೆದು ಅಂಟಿಸಿದ ಚೀಟಿಯ ಕೆಳಗೆ ನಿಂತು ಒಂದು ಬಿಸ್ಕತ್ತು ತಿಂದೆ. ಸಾಕ್ಷಿ ಇಲ್ಲ ಎಂದುಕೊಂಡಿದ್ದೆ.

ಪರೀಕ್ಷೆಗೆ ಹಾಲು ಕಳಿಸಿದ್ದ, ಹಸು ಸಾಕುವ ಒಬ್ಬ ಅಮ್ಮ ಇವತ್ತು ಮೂರನೇ ಸಲ ಫೋನ್ ಮಾಡಿದರು. “ಇರೋದೊಂದೇ ಹಸು ಸಾರ್. ಹಾಲು ಮಾರ್ಲೋ ಬೇಡ್ವೋ, ಹೇಳ್ಬಿಡಿ.” ಮಂಗಳವಾರ ನಾನೇ ಅವರ ಹಾಲು ಹಾಕಿಟ್ಟಿದ್ದ ಗಾಜಿನ ಪರೀಕ್ಷಾ ತಟ್ಟೆಯಲ್ಲಿ ಕೆಚ್ಚಲು ಬಾವು ತರುವ ರೋಗಾಣು ಚಿನ್ನದ ಚುಕ್ಕಿಗಳಂತೆ ಬೆಳೆದು ಕೂತಿತ್ತು. ಮಾರಾಟ ನಿಲ್ಲಿಸಿ ಎಂಬ ವರದಿಗೆ ಸಹಿ ಹಾಕಲು ಪೆನ್ನು ತೆಗೆದೆ.

“ಇನ್ನೊಂದ್ಸಲ ಮಾಡಿ ನೋಡೋಣ್ವಾ ಸಾರ್?” ಎಂದರು ಪಕ್ಕದ ಮೇಜಿನ ಪಶುವೈದ್ಯೆ.

“ಹದಿನೆಂಟು ವರ್ಷದಲ್ಲಿ ನನ್ನ ಕೈಯಿಂದ ಒಂದು ತಟ್ಟೆನೂ ಕೆಟ್ಟಿಲ್ಲ ಡಾಕ್ಟ್ರೇ.”

ಅವರು ಇನ್ನೊಂದು ತಟ್ಟೆಯನ್ನು ನನ್ನ ಮುಂದಿಟ್ಟರು. ನಮ್ಮ ಕೈಯ ಶುಚಿ ತಿಳಿಯಲೆಂದೇ ಹಾಲು ಹಾಕದೆ ಇಡುವ ಖಾಲಿ ತಟ್ಟೆ ಅದು. ಅದರಲ್ಲೂ ಅದೇ ಚಿನ್ನ.

“ಈ ತಟ್ಟೆಗೂ ಕೆಚ್ಚಲಿದ್ಯಾ ಸಾರ್?”

ವರದಿ ಹರಿದೆ. ಆ ಅಮ್ಮನಿಗೆ ಫೋನ್ ಮಾಡಿ, ತಪ್ಪು ನಮ್ಮದು, ನಾಳೆ ಹೊಸದಾಗಿ ಹಾಲು ಕಳಿಸಿ ಎಂದೆ. ‘ನಮ್ಮದು’ ಎಂದದ್ದು ‘ನನ್ನದು’ ಎನ್ನಲು ಧೈರ್ಯ ಸಾಲದೆ.

ಆ ರೋಗಾಣು ಮನುಷ್ಯರ ಮೂಗಿನಲ್ಲೂ ಸುಖವಾಗಿ ಸಂಸಾರ ಮಾಡುತ್ತದೆ. ಬಿಸ್ಕತ್ತು ತಿಂದ ಮೇಲೆ ಕೈ ತೊಳೆದ ನೆನಪಿಲ್ಲ. ಮೂಗು ಕೆರೆದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.