ಸುದ್ದಿ ಓದುವವನೆದುರು ಸೆರಗು

ಸಂಶೋಧನಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಈ ದೇಶಕ್ಕೆ ಟಿ.ವಿ. ನೋಡಲು ಕಲಿಸಿದವನೇ ನಾನು. ದಿಲ್ಲಿಯವರು ಇಂದಿಗೂ ನಮ್ಮೂರು ಯರಗುಪ್ಪಿಯತ್ತ ತಿರುಗಿ, ನನ್ನ ಅಪ್ಪಣೆ ಪಡೆದೇ ಕಾರ್ಯಕ್ರಮ ಶುರುಮಾಡುತ್ತಾರೆ. ಇಂಥವನ ಅಣ್ಣನ ಮಗಳು, ಎಂ.ಎ. ಮುಗಿಸಿದ ದುರಗವ್ವ, ಟಿ.ವಿ.ಯಲ್ಲಿ ಹೆಣ್ಣು-ಗಂಡನ್ನು, ಅವರ ಆಸೆ-ನಾಚಿಕೆಗಳನ್ನು ತೋರಿಸುವ ರೀತಿಯ ಮೇಲೆ ಪಿಎಚ್.ಡಿ. ಮಾಡುತ್ತೇನೆಂದರೆ, ತಾವು ಅರ್ಜಿಯನ್ನೇ ತಿರಸ್ಕರಿಸಿದಿರಿ. ಟಿ.ವಿ. ವಿದ್ಯೆಯಲ್ಲವಂತೆ, ಕಾಮದ ಚರ್ಚೆ ಕನ್ಯೆಗೆ ಶೋಭಿಸದಂತೆ. ಸಮಿತಿಯ ಹಿರಿಯರಿಗೆ ಶೋಭಿಸುತ್ತದೆಯೇ?

ನಾನು ಬರೀ ಏಳನೆಯ ಇಯತ್ತೆಯ ಮುಲ್ಕಿ ಪಾಸಾದವನು. ಆದರೂ ಕಣ್ಣಾರೆ ಕಂಡದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಪಡಸಾಲೆಯ ಟಿ.ವಿ.ಯನ್ನು ಗಂಡಸರು ನಾಲ್ಕಾಣೆ ಕೊಟ್ಟು ಒಳಗೆ ಕೂತು ನೋಡುತ್ತಾರೆ. ಹೆಂಗಸರು ಪುಕ್ಕಟೆ, ಕಿಟಕಿಯಾಚೆ ನಿಂತು. ಒಂದು ರವಿವಾರ ದುರಗವ್ವ ಹಟ ಹಿಡಿದು ಇದನ್ನು ಅದಲುಬದಲು ಮಾಡಿಸಿದಳು. ಹೆಂಗಸರು ಮುಂದೆ ಕೂತರು. ಸುದ್ದಿ ಓದುವ ಗಂಡಸು ಕಾಣಿಸಿದ್ದೇ ತಡ, ಎಲ್ಲರ ಸೆರಗೂ ತಲೆಯ ಮೇಲೆ!

"ಯಾಕ ಬೇ ಸಾವಂತ್ರೆವ್ವಾ, ಅಂವಗ ನೀ ಕಾಣಸ್ತೀಯೇನು?" ಎಂದು ಬಾಜು ಮನೆಯವಳನ್ನು ಕೇಳಿದೆ.

"ಪರಗಂಡಸು ನೆಟ್ಟಗ ನೋಡಾಕತ್ತಾನ. ಬರೇ ತಲೀಲೆ ಹೆಂಗ ಕುಂದರ್ಲೋ?"

ಅವನ ಹಿಂದೆಯೇ ಹವಾಮಾನ ಹೇಳಲು ಹೆಣ್ಣುಮಗಳೊಬ್ಬಳು ಬಂದಳು. ಕಿಟಕಿಯಾಚೆ ನಿಂತಿದ್ದ ಮಲಕಪ್ಪ ಮೆಲ್ಲಗೆ ಕ್ರಾಪು ತೀಡಿಕೊಂಡ. ಸಾವಂತ್ರೆವ್ವ ಬಿಟ್ಟಾಳೆಯೇ?

"ಅಕೀಗೆ ನೀ ಕಾಣಸ್ತೀಯೇನ್ಲೇ ಮಲಕ್ಯಾ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಹದಿನಾಲ್ಕು ಗಂಡಸರೂ ಸಿಟ್ಟಾಗಿ, ನಾಲ್ಕಾಣೆ ಬಿಚ್ಚದೆ ಮನೆ ಹಾದಿ ಹಿಡಿದರು.

"ಕಾಕಾ, ಪೆಟ್ಟಿಗಿ ಒಂದ. ನಮ್ಮನ್ನ ಅದು ನೋಡತೈತಿ ಅಂತ ನಾವು ಹೆದರ್ತೀವಿ, ಅದು ತಮ್ಮನ್ನ ನೋಡ್ಲಿ ಅಂತ ಗಂಡಸರು ಕ್ರಾಪು ತೀಡ್ತಾರ. ಯಾಕ?" ಎಂದಳು ದುರಗವ್ವ.

ಅದೇ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ತಮಗೆ ಉತ್ತರ ಗೊತ್ತಿದ್ದರೆ ತಿಳಿಸಿ. ಗೊತ್ತಿಲ್ಲದಿದ್ದರೆ, ಹುಡುಕುವವಳಿಗೆ ಅಡ್ಡ ನಿಲ್ಲುವುದೇಕೆ?

ಈಗ ಅಣ್ಣ ಅವಳಿಗೆ ವರ ಗೊತ್ತುಮಾಡಿದ್ದಾನೆ. ತಾವು ಒಪ್ಪಿದರೆ ಓದು, ಇಲ್ಲವಾದರೆ ಬಸವ ಜಯಂತಿಗೆ ಮದುವೆಯ ಅಕ್ಕಿಕಾಳು. ವರದಕ್ಷಿಣೆಯಾಗಿ ಹುಡುಗ ಏನು ಕೇಳಿದ್ದಾನೆ ಬಲ್ಲಿರಾ? ಕಲರ್ ಟಿ.ವಿ.! ಅಂದರೆ ಹೆಣ್ಣು ಟಿ.ವಿ.ಯ ಬಗ್ಗೆ ಬರೆಯಬಾರದು, ಟಿ.ವಿ.ಯ ಸಂಗಡ ಮಾತ್ರ ಹೋಗಬಹುದು.

ಆದ್ದರಿಂದ ಅವಳನ್ನು ಮತ್ತೆ ಕರೆಸಿ, ಪೂರ್ತಿ ಕೇಳಿ, ಅರ್ಜಿ ಮಂಜೂರು ಮಾಡಿ. ಖರ್ಚಿನ ಚಿಂತೆ ತಮಗೆ ಬೇಡ. ಈ ಸಂಶೋಧನೆಗೆ ಸಾವಿರಾರು ರೂಪಾಯಿ ಸುರಿದು ಹಾಳಾದೆನೆಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದೇನೆ. ತಮ್ಮಿಂದ ಬೇಕಾದದ್ದು ಒಂದು ಸಹಿ.

ಇಂತಿ,
ನಿಜದಲ್ಲಿ ಮೂರೂವರೆ ರೂಪಾಯಿ ಕಳೆದುಕೊಂಡ
ಗುಡದಪ್ಪ, ಯರಗುಪ್ಪಿ