ತೊಲೆಯ ಮೇಲಿನ ಅಂಗಿಗಳು

ನನ್ನ ಹಟಮಾರಿ ಓಬ್ರೆನ್‌ಗೆ,

ತಗಡಿನ ಸ್ಕ್ರೂ ತರಲು ನೀನು ಟ್ರ್ಯಾಕ್ಟರ್ ಹತ್ತಿ ಚಾಚಾಕ್ ಪೇಟೆಗೆ ಹೋಗಿದ್ದೀಯ. ಊಟದ ಹೊತ್ತಿಗೆ ಬಂದುಬಿಡುತ್ತೀಯ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂರುವ ಗಂಡನಿಗೆ ಕಾಗದ ಬರೆಯುವವಳನ್ನು ಕಂಡರೆ ಊರು ನಗುತ್ತದೆ. ನಗಲಿ ಬಿಡು. ಬಾಯಿಬಿಟ್ಟು ಹೇಳಲು ಹೋದಾಗಲೆಲ್ಲ ನೀನು ಎದ್ದು ಹೊರಗೆ ಹೋಗುತ್ತೀಯ, ಇಲ್ಲವೇ ನಾನೇ ಮಾತು ತಿರುಗಿಸಿ ಸೂಪಿಗೆ ಉಪ್ಪು ಸಾಕೇ ಎಂದು ಕೇಳುತ್ತೇನೆ. ಕಾಗದಕ್ಕೆ ಈ ಎರಡು ಬುದ್ಧಿಯೂ ಇಲ್ಲ.

ಹೇಳಬೇಕಾದದ್ದು ಇಷ್ಟೇ. ನಾಳೆ ತಗಡು ಹೊದಿಸಲು ಆ ಮಾಡಿನ ಮೇಲೆ ಒಬ್ಬನೇ ಹತ್ತಬೇಡ. ಇದಕ್ಕೆ ಒಂದು ಸಾಲು ಸಾಕಿತ್ತು. ಆದರೆ ಒಂದು ಸಾಲಿಗೆ ಬಗ್ಗುವ ಜೀವ ನಿನ್ನದಲ್ಲ ಎಂದು ನನಗೆ ಗೊತ್ತು. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ಆ ವೈದ್ಯೆ ನಿನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಲು ಹೇಳಿದಳಲ್ಲ, ಅಲ್ಲಿಂದ ಶುರುವಾಯಿತು. ನಮ್ಮ ಮಗಳಷ್ಟೇ ವಯಸ್ಸು ಅವಳಿಗೆ. ನಿನ್ನ ಬಲಗೈ ತನ್ನಷ್ಟಕ್ಕೆ ತಾನೇ ಕಾಳು ಎಣಿಸುವಂತೆ ಬೆರಳಾಡಿಸುತ್ತಿತ್ತು. ಅವಳು ಸ್ವಲ್ಪ ಹೊತ್ತು ನೋಡಿ, "ಇದು ವಾಸಿ ಆಗೋದಲ್ಲ ಮಾವ. ಮಾತ್ರೆಯಿಂದ ನಿಧಾನ ಮಾಡಬಹುದು ಅಷ್ಟೇ" ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಊರು ಹತ್ತಿರವಾದಾಗ, "ಯಾರಿಗೂ ಹೇಳಬೇಡ. ತಿಹೊಮಿರ್‌ಗೂ" ಎಂದೆ. ತಿಹೊಮಿರ್ ನಮ್ಮ ಮದುವೆಗೆ ಸಾಕ್ಷಿಯಾಗಿ ನಿಂತವನು. ಅಂಥವನನ್ನು ನಾವು ಒಡಹುಟ್ಟಿದವನಿಗಿಂತ ಒಂದು ಕೈ ಮೇಲೆಂದೇ ಕಾಣುತ್ತೇವೆ. ಅವನಿಗೂ ಹೇಳಬಾರದು ಎಂದಮೇಲೆ ದೇವರಿಗೂ ಹೇಳಬಾರದು ಎಂದು ಅರ್ಥಮಾಡಿಕೊಂಡು ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಇನ್ನು ನೀನು ಒಲೆಯ ಪಕ್ಕ ಕೂತು ಬೆಕ್ಕಿನ ಜೊತೆ ಕಾಲ ಕಳೆಯುತ್ತೀಯ ಎಂದುಕೊಂಡೆ. ಹಿಮ ಕರಗಿತೋ ಇಲ್ಲವೋ, ನೀನು ಪ್ಲಮ್ ತೋಟದ ಕೆಳಗೆ ಗೂಟ ಹೊಡೆದು ದಾರ ಕಟ್ಟತೊಡಗಿದೆ. ವರ್ಕ್‌ಶಾಪ್ ಕಟ್ಟುತ್ತೇನೆ ಎಂದೆ. ಎರಡು ಕೊಯ್ಲು ಯಂತ್ರಗಳು ಅಕ್ಕಪಕ್ಕ ನಿಲ್ಲುವಷ್ಟು ದೊಡ್ಡದು, ಪೂರ್ತಿ ಕಬ್ಬಿಣದ್ದು. ದೇಶ ಒಡೆದು, ಸಹಕಾರಿ ಯಂತ್ರಶಾಲೆ ಬಾಗಿಲು ಹಾಕಿದ ಮೇಲೆ ನೀನು ಜನರ ಯಂತ್ರಗಳನ್ನು ಅಂಗಳದಲ್ಲೇ ರಿಪೇರಿ ಮಾಡಿದವನು. ಹಿಮದ ಮೇಲೆ ಗೋಣಿ ಹಾಸಿ ಮಲಗಿ ಬೋಲ್ಟು ಬಿಚ್ಚಿದವನು. ತಲೆಯ ಮೇಲೊಂದು ಸೂರು ಬೇಕೆಂದು ನೀನು ಅಂದಿನಿಂದ ಹೇಳುತ್ತಲೇ ಬಂದೆ, ಕಟ್ಟಲಿಲ್ಲ. ಈಗ ಶುರುಮಾಡಿದೆ. "ಕೈಗೇ ಕಾಯಿಲೆ ಅಂತ ಗೊತ್ತಾದ ಮೇಲೆ ವರ್ಕ್‌ಶಾಪ್ ಯಾಕೋ ಮಾರಾಯ?" ಎಂದು ನಾನು ಕೇಳಿದೆ. "ಕೈ ಇರುವಾಗಲೇ ಕಟ್ಟಬೇಕಲ್ಲ" ಎಂದೆ ನೀನು.

ನಮ್ಮೂರಲ್ಲಿ ಹಂದಿಗೂಡು ಕಟ್ಟಿದರೂ ಮುಯ್ಯಾಳು ಬರುತ್ತಾರೆ. ನೀನು ಯಾರ ಮನೆಗೆ ಹೋಗಿಲ್ಲ ಹೇಳು? ತಿಹೊಮಿರ್‌ನ ಮನೆಗೆ ಕಾಂಕ್ರೀಟ್ ಹಾಕಿದ ದಿನ ಮೊದಲ ಬಕೆಟ್ಟೂ ನಿನ್ನದೇ, ಕೊನೆಯ ಲೋಟವೂ ನಿನ್ನದೇ. ಈಗ ಅವನು ಬೇಲಿಯ ಹತ್ತಿರ ಬಂದು ಕೇಳಿದ. "ಏನೋ ಓಬ್ರೆನ್, ಜನ ಯಾವತ್ತು ಬರಲಿ? ನನ್ನ ಹೆಂಡತಿ ಆಗಲೇ ಕುರಿ ನೋಡಿಟ್ಟಿದಾಳೆ." ನೀನು ಎಂದೆ, "ಕುರಿ ಪಾಪ ಬದುಕಿಕೊಳ್ಳಲಿ. ನಾನೊಬ್ಬನೇ ಮಾಡ್ತೀನಿ." ಅವನು ನಕ್ಕ. "ಗೊತ್ತಾಯ್ತು ಬಿಡು. ನೆತ್ತಿಯ ತೊಲೆ ಕೂತ ದಿನ ಊರವರಿಂದ ಮೇಸ್ತ್ರಿಗೆ ಬರೋ ಅಂಗಿಗಳೆಲ್ಲ ನಿನಗೊಬ್ಬನಿಗೇ ಸಿಗಲಿ ಅಂತ ತಾನೇ? ಸಾಯೋವರೆಗೂ ಹೊಸ ಅಂಗಿ ಹಾಕ್ಕೊಂಡು ಮೆರೀಬೇಕು ಅಂತಿದೀಯ." ನೀನೂ ನಕ್ಕೆ. ಜೇಬಿನೊಳಗೆ ಇದ್ದ ನಿನ್ನ ಬಲಗೈ ನಗಲಿಲ್ಲ, ಬಟ್ಟೆಯ ಅಡಿಯಲ್ಲಿ ಅದು ಆಡುತ್ತಿದ್ದದ್ದನ್ನು ನಾನು ಕಂಡೆ.

ಮತ್ತೆ ನೀನು ಮಾಡಿದ್ದನ್ನೂ ನಾನು ಹೇಳಲೇಬೇಕು, ಇಲ್ಲದಿದ್ದರೆ ಬರೀ ಕೊರಗುವ ಹೆಂಗಸು ಎನ್ನುತ್ತೀಯ. ಕ್ರೇನ್ ಇಲ್ಲದೆ ಅಂಥ ಕಂಬಗಳನ್ನು ಒಬ್ಬ ಮನುಷ್ಯ ನಿಲ್ಲಿಸಿದ್ದನ್ನು ನಾನು ಹಿಂದೆ ಕಂಡಿಲ್ಲ. ಮುರಿದ ವಿದ್ಯುತ್ ಕಂಬಗಳೆರಡನ್ನು ಕತ್ತರಿಯಂತೆ ಕಟ್ಟಿದೆ. ಹಳೆ ಫಿಯೆಟ್ ಕಾರಿನ ಚಕ್ರದ ರಿಮ್ಮನ್ನು ಅದರ ತುದಿಗೆ ರಾಟೆ ಮಾಡಿ ಕೂರಿಸಿದೆ. ದೋಣಿ ಎಳೆಯುವ ಕೈಚಕ್ರವನ್ನು ತಂದು ದ್ರಾಕ್ಷಿ ಹಿಂಡುವ ಯಂತ್ರದ ಕಾಲಿಗೆ ಬಿಗಿದೆ. ಮಟ್ಟ ನೋಡಲು ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಬಣ್ಣ ಕಾಣಲೆಂದು ನಾನು ಸಲಾಡಿಗೆ ಇಟ್ಟಿದ್ದ ಬೀಟ್‌ರೂಟಿನ ರಸ ಸುರಿದೆ. ಹುಲ್ಲು ಅಟ್ಟಕ್ಕೆ ಏರಿಸುವ ಯಂತ್ರವೇ ನಿನಗೆ ತಗಡು ಏರಿಸುವ ಲಿಫ್ಟು. ಮೊದಲ ಕಂಬ ಅಲುಗಾಡುತ್ತ ಎದ್ದು ನಿಂತು, ತನ್ನ ಗುಂಡಿಗೆ ಸರಕ್ಕನೆ ಇಳಿದಾಗ ನಾನು ಎಲ್ಲವನ್ನೂ ಮರೆತು ಚಪ್ಪಾಳೆ ತಟ್ಟಿದೆ. ನೀನು ಮದುವೆ ದಿನದ ಹಾಗೆ ನಾಚಿದೆ.

ನಿನಗೆ ಇದ್ದ ಒಬ್ಬಳೇ ಆಳು ನಾನು. ಹಗ್ಗದ ತುದಿ ಹಿಡಿದು ನಿಲ್ಲುವುದು, ನೀನು "ಎಳಿ" ಎಂದರೆ ಎಳೆಯುವುದು, "ಬಿಡು" ಎಂದರೆ ಬಿಡುವುದು. ಎಲ್ಲ ಕೆಲಸವೂ ಮಾತ್ರೆ ಹಿಡಿದಿರುವ ಹೊತ್ತಿನಲ್ಲೇ. ನೀನು ಮಾತ್ರೆ ನುಂಗಿ, ಅದು ಕೈಗೆ ಇಳಿಯುವ ತನಕ ಕಾಯ್ದು, ಆಮೇಲೆ ಏಣಿ ಹತ್ತುತ್ತಿದ್ದೆ. ಬಿಟ್ಟುಹೋಗುವ ಮೊದಲೇ ಇಳಿಯುತ್ತಿದ್ದೆ. ಒಂದೊಂದು ಸಲ ತಡವಾಗುತ್ತಿತ್ತು. ಅರ್ಧ ಬಿಗಿದ ಬೋಲ್ಟಿಗೆ ಜೋತು ನೀನು ಮೇಲೇ ಉಳಿಯುತ್ತಿದ್ದೆ. ನಾನು ಕೆಳಗೆ ಹಗ್ಗ ಹಿಡಿದು ನಿಂತು ನಿನ್ನ ಬೂಟಿನ ಅಡಿಯನ್ನು ನೋಡುತ್ತಿದ್ದೆ. ಆ ಹಗ್ಗ ಕಬ್ಬಿಣಕ್ಕೆ ಕಟ್ಟಿದ್ದು ಓಬ್ರೆನ್, ನಿನಗಲ್ಲ. ನೀನು ಜಾರಿದರೆ ಅದನ್ನು ಹಿಡಿದುಕೊಂಡು ನಾನು ಏನು ಮಾಡಲಿ?

ಒಂದು ದಿನ ನೀನು ದಪ್ಪ ಚರ್ಮದ ತುಂಡುಗಳನ್ನು ತಂದು, ಮಣಿಕಟ್ಟಿಗೆ ಪಟ್ಟಿ ಹೊಲಿದು ಕೊಡು, ಒಳಗೆ ಸಣ್ಣ ಜೇಬು ಇರಲಿ ಎಂದೆ. ಹೊಲಿದುಕೊಟ್ಟೆ. ಆ ಜೇಬುಗಳಿಗೆ ನೀನು ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿದೆ. ಭಾರಕ್ಕೆ ಕೈ ಕಡಿಮೆ ನಡುಗುತ್ತದೆ ಎಂದು ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಹೊಮಿರ್ ಕೇಳಿದಾಗ, "ಮಣಿಕಟ್ಟು ನೋವು" ಎಂದೆ ನೀನು. ನಿನ್ನ ವೆಲ್ಡಿಂಗನ್ನೂ ನೋಡಿದ್ದೇನೆ. ಅಂಗಿ ಕಾರ್ಖಾನೆಯಲ್ಲಿ ಹೊಲಿಗೆಯ ತಪ್ಪು ಹಿಡಿಯುವುದೇ ನನ್ನ ಕೆಲಸವಾಗಿತ್ತು, ಅದನ್ನು ಮರೆತೆಯಾ? ಮೊದಲು ನಿನ್ನ ಬೆಸುಗೆ ಮಷಿನ್ ಹೊಲಿಗೆಯ ಹಾಗೆ ಒಂದೇ ಸಮ ಇರುತ್ತಿತ್ತು. ಈಗ ಅದು ಅಂಕುಡೊಂಕು. ಅದು ಯಾರಿಗೂ ಕಾಣದಿರಲೆಂದು ನೀನು ಗಂಟೆಗಟ್ಟಲೆ ಉಜ್ಜಿ ಸವೆಸುತ್ತೀಯ. ಉಜ್ಜಿದಷ್ಟೂ ಬೆಸುಗೆ ತೆಳ್ಳಗಾಗುತ್ತದೆ ಎಂಬುದು ನಿನಗೆ ಗೊತ್ತಿಲ್ಲದ ವಿಷಯವೇ?

ಇಷ್ಟೆಲ್ಲ ಮುಚ್ಚಿಟ್ಟವನು ಆ ಕೊಂಬೆಯನ್ನು ಯಾಕೆ ಕಟ್ಟಿದೆ? ಮೊನ್ನೆ ಬೆಳಿಗ್ಗೆ ನೆತ್ತಿಯ ತೊಲೆ ಕೂತಿತು. ನನಗೂ ಖುಷಿಯಾಗಿತ್ತು. ನೀನು ಇಳಿದು ಬಂದು, ಓಕ್ ಮರದಿಂದ ಒಂದು ಹಸಿರು ಕೊಂಬೆ ಮುರಿದುಕೊಂಡು ಮತ್ತೆ ಹತ್ತಿ, ತೊಲೆಯ ತುದಿಗೆ ತಂತಿಯಲ್ಲಿ ಸುತ್ತಿದೆ. ನಾನು ಕೆಳಗಿನಿಂದ ಬೇಡ ಎನ್ನುವಷ್ಟರಲ್ಲಿ ಆಗಿಹೋಗಿತ್ತು. ಜೀವಮಾನವಿಡೀ ಊರವರ ಮನೆಗಳಿಗೆ ಕಟ್ಟಿ ಅಭ್ಯಾಸವಾದ ಕೈ ಅದು, ನಿನ್ನನ್ನೂ ಕೇಳದೆ ಕಟ್ಟಿಬಿಟ್ಟಿತು. "ಯಾರಾದರೂ ಬಂದರೆ?" ಎಂದೆ. "ಕಬ್ಬಿಣದ ಶೆಡ್ಡಿಗೆ ಯಾರು ಅಂಗಿ ತರ್ತಾರೆ? ಅದೇನು ಮನೆಯಾ?" ಎಂದು ನೀನು ಕೈ ತೊಳೆಯಲು ಹೋದೆ.

ರಸ್ತೆಯಿಂದ ಕೊಂಬೆ ಕಂಡಿತು. ತೊಲೆ ಕೂತಿತು, ಮೇಸ್ತ್ರಿಗೆ ಅಂಗಿ ತನ್ನಿ ಎಂದು ಕರೆಯುವ ಕೊಂಬೆ ಕಂಡಮೇಲೆ ನಮ್ಮವರಿಗೆ ಬೇರೆ ಕರೆಯೋಲೆ ಬೇಕೇ? ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಬಂದರು. ತಿಹೊಮಿರ್ ಒಂದು ಕೈಯಲ್ಲಿ ಪ್ಲಮ್ ಸಾರಾಯಿ, ಇನ್ನೊಂದರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ಬಂದ. ಆಚೆಮನೆಯ ಯೆಲಿಕಾ ಅಜ್ಜಿ ಕೋಲೂರಿಕೊಂಡು, ಸತ್ತ ಗಂಡನಿಗೆಂದು ಕೊಂಡು ಬಿಚ್ಚದೇ ಇಟ್ಟಿದ್ದ ನೀಲಿ ಗೆರೆಯ ಅಂಗಿ ತಂದಿದ್ದಳು. ಉಳಿದವರೂ ಅಂಗಿ, ಟವೆಲು ಹೆಗಲಿಗೆ ಹಾಕಿಕೊಂಡು ಮೆರವಣಿಗೆಯಂತೆ ಬಂದರು. ಆ ಹೊತ್ತಿಗೆ ನಿನ್ನ ಮಾತ್ರೆ ಬಿಟ್ಟುಹೋಗುವ ಸಮಯ. ಅದು ನನಗೆ ಗೊತ್ತಿತ್ತು, ನಿನಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿಲ್ಲ ಎಂದು ಇಬ್ಬರೂ ತಿಳಿದಿದ್ದೆವು. "ಸ್ವಲ್ಪ ಕೂತು ಕುಡೀರಿ, ಆಮೇಲೆ ಅಂಗಿ ಕಟ್ಟೋಕೆ ಹತ್ತಲಿ" ಎಂದು ನಾನು ಎಷ್ಟು ಬೇಡಿಕೊಂಡೆ. "ಕುಡಿದು ಹತ್ತಿದರೆ ಬೀಳ್ತಾನೆ ಕೋಸಾನಾ, ಹತ್ತಿ ಇಳಿದು ಕುಡೀಲಿ" ಎಂದು ನನ್ನ ಬಾಯಿ ಮುಚ್ಚಿಸಿದರು. ನೀನು ನನ್ನ ಕಡೆ ನೋಡದೆ ಏಣಿ ಹಿಡಿದೆ.

ತೊಲೆಯ ಮೇಲೆ ಕುದುರೆ ಏರಿದಂತೆ ಕೂತು ನೀನು ಅಂಗಿ ಹಾಕಿದ್ದ ಬಕೆಟ್ಟನ್ನು ಹಗ್ಗದಲ್ಲಿ ಮೇಲೆ ಎಳೆದುಕೊಂಡೆ. ನಿನ್ನ ದನಿ ಮಾತ್ರ ಗಟ್ಟಿಯಾಗಿತ್ತು. "ಕೇಳ್ರಪ್ಪೋ, ಕೇಳಿ! ನಮ್ಮ ತಿಹೊಮಿರ್ ಅಂಗಿ ತಂದಿದಾನೆ! ಒಂಬತ್ತು ಊರಲ್ಲಿ ಇಂಥದ್ದಿಲ್ಲ. ಹೆಂಡತಿ ನೇಯ್ದಿದಾಳೆ, ಅತ್ತೆ ಬೈದಿದಾಳೆ!" ಎಂದು ಕೂಗಿದೆ. ಎಲ್ಲರೂ ನಕ್ಕರು. ನೀನು ಅಂಗಿಯ ತೋಳುಗಳನ್ನು ತೊಲೆಗೆ ಸುತ್ತಿ ಗಂಟು ಹಾಕಲು ಹೋದೆ. ಬೆರಳುಗಳು ಒಂದನ್ನೊಂದು ತಪ್ಪಿಸಿಕೊಂಡವು. ಮತ್ತೆ ಹಾಕಿದೆ. ಅಂಗಿ ಜಾರಿ, ತಿಹೊಮಿರ್‌ನ ಕಾಲ ಬಳಿ ಮಣ್ಣಿಗೆ ಬಿತ್ತು.

ಅವನು ಅದನ್ನು ಎತ್ತಿ ಧೂಳು ಕೊಡವಿ ಬಕೆಟ್ಟಿಗೆ ಹಾಕಿದ. ಮತ್ತೆ ಬಿತ್ತು. ಎರಡನೆಯ ಸಲ ಯಾರೂ ನಗಲಿಲ್ಲ. ಆಗ ಯೆಲಿಕಾ ಅಜ್ಜಿ ತಲೆಯ ಬಟ್ಟೆ ಬಿಗಿಮಾಡಿಕೊಳ್ಳುತ್ತ, "ಏನು ಹಾಳು ಗಾಳಿನಪ್ಪ ಇದು, ಒಂದು ಗಂಟು ಹಾಕೋಕೂ ಬಿಡಲ್ಲ" ಎಂದಳು. ನಮ್ಮ ಹೊಗೆಗೂಡಿನ ಹೊಗೆ ದಾರದ ಹಾಗೆ ನೆಟ್ಟಗೆ ಏರುತ್ತಿತ್ತು. ಪ್ಲಮ್ ಮರದಲ್ಲಿ ಒಂದು ಎಲೆ ಅಲುಗಿರಲಿಲ್ಲ. "ಹೌದು ಹೌದು, ಮೇಲೆ ಗಾಳಿ ಜೋರು" ಎಂದ ಇನ್ನೊಬ್ಬ. ತಿಹೊಮಿರ್ ಏಣಿಗೆ ಕಾಲಿಟ್ಟ. ನೀನು ಮೇಲಿನಿಂದ, "ಬೇಡ, ಏಣಿ ಇಬ್ಬರನ್ನ ತಡೆಯಲ್ಲ" ಎಂದೆ. ಅವನು ಕಾಲು ತೆಗೆದು, "ಕಟ್ಟೋದೇನೂ ಬೇಡ ಕಣೋ, ಈ ಗಾಳೀಲಿ ಸುಮ್ನೆ ಮೇಲೆ ಹಾಸು ಸಾಕು" ಎಂದ. ಅವನ ಕಣ್ಣು ತುಂಬಿತ್ತು. ಒಂದೊಂದೇ ಅಂಗಿಯನ್ನು ನೀನು ತೊಲೆಯ ಮೇಲೆ ಹಾಸಿದೆ. ಒಂದೊಂದೇ ಹೆಸರು ಕೂಗಿದೆ, ಒಂದನ್ನೂ ಬಿಡಲಿಲ್ಲ. ನಾನು ಎರಡೂ ಕೈಯಲ್ಲಿ ಏಣಿ ಹಿಡಿದಿದ್ದೆ. ನೀನು ಇಳಿದ ಮೇಲೆ ತಿಹೊಮಿರ್ ಸಾರಾಯಿ ಸುರಿದು, ನಿನ್ನ ಲೋಟವನ್ನು ನಿನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

ಅವರೆಲ್ಲ ಒಳ್ಳೆಯವರು ಓಬ್ರೆನ್. ಅವರ ಒಳ್ಳೆಯತನವೇ ನನಗೆ ಭಯ. ಊರಿಗೆ ಊರೇ ತಿಳಿದುಕೊಂಡು, ನಿನ್ನ ಮಾನ ಕಾಯಲೆಂದು ತಿಳಿಯದವರ ಹಾಗೆ ಮನೆಗೆ ಹೋಯಿತು. ಇನ್ನು ಯಾರೂ ಬಂದು "ಕೆಳಗೆ ಇಳಿ, ನಾವು ಹೊದಿಸ್ತೀವಿ" ಎನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಆ ಗಾಳಿಯ ಮಾತು ಸುಳ್ಳಾಗಿಬಿಡುತ್ತದಲ್ಲ.

ಎಲ್ಲರೂ ಹೋದ ಮೇಲೆ ನೀನು ಬೆಂಚಿನ ಮೇಲೆ ಕೂತು, ಬೂಟು ಬಿಚ್ಚಲು ನನ್ನ ಕಡೆ ಕಾಲು ಚಾಚಿದೆ. "ಗಾಳಿ ಜೋರಿತ್ತು, ಅಲ್ವಾ ಕೋಸಾನಾ?" ಎಂದು ಕೇಳಿದೆ. ಬಸ್ಸಿನ ಆ ದಿನದಿಂದ ಈಚೆಗೆ ಇದರ ಬಗ್ಗೆ ನೀನು ನನ್ನನ್ನು ಕೇಳಿದ್ದು ಅದೊಂದೇ ಮಾತು. ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ಬೂಟಿನ ದಾರ ಬಿಚ್ಚುತ್ತ, "ಹೌದು, ಜೋರಿತ್ತು" ಎಂದೆ. ನಿನಗೆ ಸಮಾಧಾನವಾಯಿತು. ಮಾರನೆಯ ದಿನವೇ ತಗಡು ಏರಿಸುವ ಮಾತಾಡತೊಡಗಿದೆ.

ನಾನು ನಿನ್ನನ್ನು ತಡೆಯಲಾರೆ. ಏಣಿ ಬಚ್ಚಿಟ್ಟರೆ ಇನ್ನೊಂದು ಬೆಸೆಯುತ್ತೀಯ. ಅತ್ತರೆ ಹೊರಗೆ ಹೋಗುತ್ತೀಯ. ತಿಹೊಮಿರ್‌ನನ್ನು ನಾನೇ ಕರೆದರೆ ಮಾತು ಮುರಿದವಳು ಎಂದು ನನ್ನ ಮುಖ ನೋಡುವುದಿಲ್ಲ. ಎಲ್ಲ ಯೋಚಿಸಿಯಾಯಿತು, ನನ್ನ ಕೈಯಲ್ಲಿ ಏನೂ ಇಲ್ಲ. ಇರುವುದು ಒಂದೇ ಮಾತು, ಆವತ್ತು ಹೇಳದೇ ಹೋದದ್ದು. ರಾತ್ರಿ ನೀನು ಮಲಗಿದ ಮೇಲೆ ಇದನ್ನು ನಿನ್ನ ಮಾತ್ರೆ ಡಬ್ಬಿಯ ಕೆಳಗೆ ಇಡುತ್ತೇನೆ. ನಾಳೆ ಹತ್ತುವ ಮೊದಲು ಅದನ್ನು ನೀನು ಎತ್ತಲೇಬೇಕು.

ಗಾಳಿ ಇರಲಿಲ್ಲ, ಓಬ್ರೆನ್. ಎಲೆ ಸಹ ಅಲುಗಲಿಲ್ಲ. ಅದನ್ನು ಎಲ್ಲರೂ ಕಂಡರು, ಕಂಡೂ ಅಂಗಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಒಬ್ಬರೂ ಮನೆಗೆ ಹೋಗಲಿಲ್ಲ. ತಿಹೊಮಿರ್‌ನನ್ನು ಕರೆ. ನೀನೇ ಕರೆ. ಕರೆಯಲಾಗದಿದ್ದರೆ ನನ್ನನ್ನಾದರೂ ಎಬ್ಬಿಸು. ಬಂದು ಕೆಳಗೆ ನಿಲ್ಲುತ್ತೇನೆ. ಅದರಿಂದ ಏನೂ ಉಪಯೋಗವಿಲ್ಲ ಎಂದು ಗೊತ್ತಿದ್ದೂ ನಿಲ್ಲುತ್ತೇನೆ.

ದೇವರು ನಿನ್ನನ್ನು ನೆಲದ ಮೇಲೆ ಇಟ್ಟಿರಲಿ.

ನಿನ್ನವಳೇ ಆದ,
ಕೋಸಾನಾ