ಎದ್ದು ನಿಂತವರನ್ನು ನೋಡಬೇಕಾದವರು ಯಾರು?

ನಮ್ಮ ಕ್ಷೇತ್ರದ ಮಾನ್ಯ ಸಂಸತ್ ಸದಸ್ಯರೇ,

ತಾವು ಓದದಿರುವ ಒಂದು ಕಾನೂನಿಗೆ ಮುಂದಿನ ವಾರ ತಾವು ‘ಹೌದು’ ಎನ್ನಲಿದ್ದೀರಿ. ಇದು ನನ್ನ ಆರೋಪವಲ್ಲ. ತಮ್ಮದೇ ಕಚೇರಿಯಲ್ಲಿ ದೊರೆತ ಮಾಹಿತಿ. ವಸತಿ ಮತ್ತು ದುಡಿಮೆಗೆ ಸಂಬಂಧಪಟ್ಟ ಹತ್ತಾರು ಹಳೆಯ ಕಾಯಿದೆಗಳನ್ನು ರದ್ದುಪಡಿಸಿ, ಅವೆಲ್ಲದರ ಸ್ಥಾನದಲ್ಲಿ ಒಂದೇ ಸಂಹಿತೆಯನ್ನು ತರುವ ಮಸೂದೆ ಮೊನ್ನೆ ಸದನದಲ್ಲಿ ಮಂಡನೆಯಾಗಿದೆ. ಅಧಿವೇಶನ ಮುಗಿಯುವುದರೊಳಗೆ ಅದು ಅಂಗೀಕಾರವಾಗಬೇಕಂತೆ. ಸ್ಥಾಯಿ ಸಮಿತಿಗೆ ಒಪ್ಪಿಸಿ ಕಲಮು ಕಲಮಾಗಿ ಪರಿಶೀಲಿಸುವ ಅಗತ್ಯ ಯಾರಿಗೂ ಕಂಡಿಲ್ಲವಂತೆ. ಆ ಅಗತ್ಯವನ್ನು ತಾವು ಕಾಣಬೇಕು, ಕಂಡದ್ದನ್ನು ಸದನದಲ್ಲಿ ಎದ್ದು ನಿಂತು ಹೇಳಬೇಕು ಎಂಬುದೇ ಈ ಪತ್ರದ ಪ್ರಾರ್ಥನೆ. ಪ್ರಾರ್ಥನೆ ಎಂಬ ಶಬ್ದವನ್ನು ಬರೆಯುವಾಗ ನನ್ನ ಕೈ ಈಗೀಗ ಹಿಂಜರಿಯುತ್ತದೆ. ಅದರ ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಸೋಮವಾರ ತಮ್ಮ ಕಚೇರಿಗೆ ಬಂದಿದ್ದೆ. ತಾವು ಇರಲಿಲ್ಲ. ತಮ್ಮ ಆಪ್ತ ಸಹಾಯಕರು ಸಜ್ಜನರು; ಮುದುಕನೆಂದು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂರಿಸಿದರು.

“ಸಾಹೇಬ್ರು ಈ ಮಸೂದೆ ಓದಿದಾರೇನಪ್ಪ?” ಎಂದು ಕೇಳಿದೆ.

“ಅಯ್ಯೋ, ಅದು ಇಷ್ಟು ದಪ್ಪ ಇದೆ ಯಜಮಾನ್ರೇ.”

“ದಪ್ಪ ಎಷ್ಟು ಅಂತ ಕೇಳ್ಲಿಲ್ಲ. ಓದಿದಾರಾ?”

“ಪಕ್ಷ ಓದಿದೆ.”

“ಪಕ್ಷದ ಕನ್ನಡಕದ ನಂಬರು ಎಷ್ಟು?”

ಅವರು ನಕ್ಕರು. ಆಮೇಲೆ ನನ್ನ ಮೊಣಕೈ ಮುಟ್ಟಿ ಸಮಾಧಾನದ ದನಿಯಲ್ಲಿ, “ಹೊಸದೇನೂ ಇಲ್ಲ ಯಜಮಾನ್ರೇ. ಹಳೇದನ್ನೆಲ್ಲ ಒಂದು ಕಡೆ ಸೇರಿಸಿದಾರೆ, ಅಷ್ಟೆ. ನೀವು ಸುಮ್ನೆ ತಲೆ ಕೆಡಿಸ್ಕೋಬೇಡಿ” ಎಂದರು.

ನಾನು ಕುರ್ಚಿಯಿಂದ ಎದ್ದು ಬಂದುಬಿಟ್ಟೆ. ಅವರು ನನಗೆ ಕೋಪ ಬಂತೆಂದು ಭಾವಿಸಿರಬಹುದು. ಬಂದದ್ದು ಕೋಪವಲ್ಲ, ನಾಚಿಕೆ. ಆ ಮಾತನ್ನು ಪದಕ್ಕೆ ಪದ ನಾನು ಮೊದಲೇ ಒಮ್ಮೆ ಕೇಳಿದ್ದೆ. ಕೇಳಿ, ನೆಮ್ಮದಿಯಿಂದ ಕಣ್ಣು ಮುಚ್ಚಿದ್ದೆ.

ಮಾನ್ಯರೇ, ದೊಡ್ಡ ಆಸ್ಪತ್ರೆಯ ಹಿಂಬದಿಯ ಬೀದಿಯಲ್ಲಿರುವ ಒಂದು ಸಣ್ಣ ಪ್ರಾರ್ಥನಾ ಮಂದಿರದ ಆಡಳಿತ ಮಂಡಳಿಗೆ ನಾನು ಅಧ್ಯಕ್ಷ. ಮಂದಿರಕ್ಕೊಂದು ಅಡುಗೆಮನೆಯುಂಟು. ರೋಗಿಗಳ ಜತೆಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾಲ ಕಳೆಯುವವರಿಗೆ ಮಧ್ಯಾಹ್ನ ಅಲ್ಲಿ ಊಟ ಹಾಕುತ್ತೇವೆ. ಅಡುಗೆ ಮಾಡುವಾಕೆಯನ್ನು ಎಲ್ಲರೂ ‘ಅಕ್ಕ’ ಎನ್ನುತ್ತಾರೆ; ವಯಸ್ಸಿನಲ್ಲಿ ಎಷ್ಟೋ ಹಿರಿಯನಾದ ನಾನೂ ಹಾಗೆಯೇ ಕರೆಯುತ್ತೇನೆ. ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಆಕೆ ತಮ್ಮ ಗಂಡನೊಂದಿಗೆ ಬಹುಕಾಲದಿಂದ ವಾಸವಾಗಿದ್ದರು. ಗಂಡನಿಗೆ ಪಾರ್ಶ್ವವಾಯು ಬಡಿದು ದೇಹದ ಬಲಭಾಗ ಸ್ವಾಧೀನದಲ್ಲಿಲ್ಲ, ಮಾತೂ ಹೊರಡದು. ಒಲೆಗೂ ಅವರ ಹಾಸಿಗೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಏನಾದರೂ ಬೇಕಾದಾಗ ಅವರು ಎಡಗೈಯ ಚಮಚದಿಂದ ಗೋಡೆ ತಟ್ಟುತ್ತಿದ್ದರು. ಅಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೋಗಿ, ಅವರ ಮಗ್ಗುಲು ತಿರುಗಿಸಿ, ಕೈ ತೊಳೆದು ಮರಳಿ ಬರುತ್ತಿದ್ದರು. ಊಟಕ್ಕೆ ಕುಳಿತವರಿಗೂ ಆ ಸದ್ದು ರೂಢಿಯಾಗಿತ್ತು. “ಅಕ್ಕ, ಯಜಮಾನ್ರು ಫೋನ್ ಮಾಡ್ತಿದಾರೆ” ಎಂದು ಯಾರಾದರೂ ಕೂಗುತ್ತಿದ್ದರು. ಬಡಿಸುತ್ತಿದ್ದ ಅಕ್ಕ ನಗುತ್ತಲೇ ಒಳಗೆ ಹೋಗುತ್ತಿದ್ದರು.

ನಮ್ಮ ಮಂದಿರದ ಸ್ಥಾಪಕರು ಧರ್ಮಭೀರುಗಳಾಗಿದ್ದಂತೆಯೇ ವಿವೇಕಿಗಳೂ ಆಗಿದ್ದರು. ಯಾವ ಹೊಸ ನಿಯಮವನ್ನೇ ಆಗಲಿ ಮೂರು ವಾರದ ಸಭೆಗಳಲ್ಲಿ ಮೂರು ಬಾರಿ ಗಟ್ಟಿಯಾಗಿ ಓದತಕ್ಕದ್ದು. ಅದು ಯಾರಿಗೆ ತಟ್ಟುವುದೋ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸತಕ್ಕದ್ದು. ಕಡೆಯ ವಾಚನದ ನಂತರ ಎಲ್ಲರೂ ಕಣ್ಮುಚ್ಚಿ ಮೌನವಾಗಿ ಪ್ರಾರ್ಥಿಸತಕ್ಕದ್ದು. ಆ ಮೌನದಲ್ಲಿ ಆಕ್ಷೇಪವುಳ್ಳವರು ಎದ್ದು ನಿಲ್ಲತಕ್ಕದ್ದು ಎಂದು ವಿಧಿಸಿದ್ದರು. ಕಣ್ಣು ಮುಚ್ಚುವುದು ಏಕೆಂದರೆ, ನಿಂತವರು ಯಾರೆಂಬುದು ನೆರೆಹೊರೆಗೆ ತಿಳಿಯಬಾರದು, ನಿಲ್ಲಲು ಯಾರೂ ಅಂಜಬಾರದು. ಆದರೆ ಒಬ್ಬನು ಮಾತ್ರ ಆ ಮೌನದಲ್ಲಿ ಪ್ರಾರ್ಥಿಸಕೂಡದು. ಅವನು ಅಧ್ಯಕ್ಷ. ಅವನು ಕಣ್ಣು ತೆರೆದು ಸಭೆಯನ್ನು ನೋಡುತ್ತಿರಬೇಕು. ಒಬ್ಬರೇ ನಿಂತರೂ ನಿಯಮವನ್ನು ತಡೆಹಿಡಿಯಬೇಕು, ನಿಂತವರ ಮಾತು ಕೇಳಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಕಾರ್ಯದರ್ಶಿಗಳು ಮಂದಿರದ ಎಲ್ಲ ಹಳೆಯ ನಿಯಮಗಳನ್ನೂ ಕ್ರೋಡೀಕರಿಸಿ ಒಂದು ಹೊಸ ನಿಯಮಾವಳಿಯನ್ನು ತಂದರು. ವೃತ್ತಿಯಲ್ಲಿ ವಕೀಲರು, ಚುರುಕಿನವರು. “ಎಲ್ಲಾ ಓದ್ತಾ ಕೂತ್ರೆ ಜನ ಎದ್ದು ಹೋಗ್ತಾರೆ ಹಿರಿಯರೇ. ಹೊಸದೇನೂ ಇಲ್ಲ. ಹಳೇದನ್ನೆಲ್ಲ ಒಂದು ಕಡೆ ಸೇರಿಸಿದೀನಿ, ಅಷ್ಟೆ” ಎಂದರು. ಮೂರು ವಾರದ ವಾಚನ ಒಂದೇ ಸಂಜೆಗೆ ಇಳಿಯಿತು; ಆ ಒಂದು ಸಂಜೆಯ ವಾಚನವೂ ತಲೆಬರಹಗಳಿಗೆ ಇಳಿಯಿತು. ‘ಆವರಣದಲ್ಲಿ ವಾಸ: ನೌಕರರಿಗೆ ಮಾತ್ರ’ ಎಂಬುದೂ ಅವುಗಳಲ್ಲೊಂದು. ಅಕ್ಕ ನೌಕರರೇ ತಾನೇ ಎಂದುಕೊಂಡು ನಾನು ತಲೆಯಾಡಿಸಿದೆ. ಅಕ್ಕನ ಗಂಡ ನೌಕರರಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮುಂದಿನ ಸಾಲಿನಲ್ಲಿ ಯಾರನ್ನೂ ಕೂರಿಸಿರಲಿಲ್ಲ. ಆಕ್ಷೇಪವುಳ್ಳವರು ನಿಲ್ಲಬಹುದೆಂದು ಹಾಳೆ ನೋಡಿ ಹೇಳಿ, ಮೌನಕ್ಕೆ ಕರೆಕೊಟ್ಟೆ. ಸಭೆ ಕಣ್ಣು ಮುಚ್ಚಿತು. ಅಷ್ಟು ಜನ ತಲೆಬಾಗಿ ಕುಳಿತಾಗ ನಾನೊಬ್ಬ ಕಣ್ಣು ಬಿಟ್ಟುಕೊಂಡು ಕಾವಲುಗಾರನಂತೆ ಇರುವುದು ಭಕ್ತನಿಗೆ ತಕ್ಕುದಲ್ಲವೆನಿಸಿ, ನಾನೂ ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಬಹಳ ತನ್ಮಯನಾಗಿ ಪ್ರಾರ್ಥಿಸಿದೆನೆಂಬುದನ್ನೂ ಮುಚ್ಚಿಡುವುದಿಲ್ಲ. ಬಳಿಕ ‘ಸರ್ವಾನುಮತದಿಂದ ಅಂಗೀಕೃತ’ ಎಂದು ಘೋಷಿಸಿ ರುಜು ಹಾಕಿದೆ.

ಆ ಸಂಜೆ ಕುಳಿತವರಲ್ಲಿ ಕಣ್ಣು ತೆರೆದಿದ್ದವಳು ಒಬ್ಬಳೇ, ನನ್ನ ತಂಗಿ. ನಡುವಯಸ್ಸಿನಲ್ಲಿ ಜ್ವರವೊಂದು ಅವಳ ಶ್ರವಣಶಕ್ತಿಯನ್ನು ಕೊಂಡೊಯ್ದಿತು. ತುಟಿ ನೋಡಿ ಮಾತು ತಿಳಿಯುತ್ತಾಳೆ. ಆದ್ದರಿಂದ ಮಂದಿರದಲ್ಲಿ ಎಂದೂ ಕಣ್ಣು ಮುಚ್ಚುವುದಿಲ್ಲ. ತಾನೆಷ್ಟು ಜೋರಾಗಿ ಮಾತನಾಡುತ್ತಿದ್ದೇನೆಂಬ ಅರಿವೂ ಅವಳಿಗಿಲ್ಲ. ಅವಳ ಗುಟ್ಟಿನ ಮಾತು ಎದುರುಮನೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಅಕ್ಕನ ಗಂಡನನ್ನು ಕೋಣೆಯಿಂದ ಕರೆದೊಯ್ಯಬೇಕೆಂದು ಕಾರ್ಯದರ್ಶಿಗಳು ನೋಟಿಸು ಕೊಟ್ಟ ದಿನ, ಊಟದ ತಟ್ಟೆಯ ಮುಂದೆ ಕುಳಿತು ಅವಳು ಕೇಳಿದಳು:

“ಅಣ್ಣ, ಅಕ್ಕ ಅವತ್ತು ಯಾಕೆ ಎದ್ದು ನಿಂತಿದ್ದು?”

“ಯಾವತ್ತು?”

“ನೀನು ಕಣ್ಮುಚ್ಕೊಂಡು ಕೂತಿದ್ದೆಯಲ್ಲ, ಅವತ್ತು. ಹಿಂದುಗಡೆ ಬಾಗಿಲ ಹತ್ರ ನಿಂತ್ಲು. ಸುಮಾರು ಹೊತ್ತು ನಿಂತಿದ್ಲು. ನಿನ್ನನ್ನೇ ನೋಡ್ತಿದ್ಲು. ಒಲೆ ನೋಡೋಕೆ ಹೊರಟಿದಾಳೆ ಅನ್ಕೊಂಡೆ. ಆಮೇಲೆ ಕೂತ್ಲು.”

“ಅವತ್ತೇ ಯಾಕೆ ಹೇಳ್ಲಿಲ್ಲ ನೀನು?”

“ನೀನು ಏನು ಕೇಳಿದ್ದೆ ಅಂತ ನಂಗೇನು ಗೊತ್ತು? ಹಾಳೆ ಅಡ್ಡ ಹಿಡ್ಕೊಂಡು ಮಾತಾಡ್ತಿದ್ದೆ. ನಿನ್ನ ತುಟಿ ಕಾಣ್ತಿರ್ಲಿಲ್ಲ.”

ಎದುರುಮನೆಯವರೆಲ್ಲ ಕೇಳಿಸಿಕೊಂಡಿರಬೇಕು. ಅನ್ನ ಬಿಟ್ಟು ಎದ್ದು ಮಂದಿರಕ್ಕೆ ಹೋದೆ. ಅಕ್ಕ ಪಾತ್ರೆ ಉಜ್ಜುತ್ತಿದ್ದರು.

“ಅಕ್ಕ, ಅವತ್ತು ನೀವು ಎದ್ದು ನಿಂತಿದ್ರಂತೆ.”

“ನಿಂತಿದ್ದೆ ಹಿರಿಯರೇ.”

“ಒಂದು ಸಲ ನನ್ನ ಕರೀಬಾರ್ದಿತ್ತಾ?”

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ನೀವು ಪ್ರಾರ್ಥನೆ ಮಾಡ್ತಿದ್ರಲ್ಲ. ದೇವರ ಹತ್ರ ಮಾತಾಡ್ತಿರೋರನ್ನ ನಾನು ಹೇಗೆ ಕರೀಲಿ?”

ದೇವರ ದರ್ಶನದ ಆಸೆಯಿಂದ ನಾನು ಆ ಮುಖವನ್ನು ನೋಡದೆ ಹೋದೆ, ಮಾನ್ಯರೇ. ಪಾಪವೆಂದರೆ ದುಷ್ಟರು ಮಾಡುವ ಕಾರ್ಯವೆಂದು ಇಷ್ಟುಕಾಲ ತಿಳಿದಿದ್ದೆ. ಭಕ್ತಿಯಿಂದಲೂ ಅದನ್ನು ಮಾಡಬಹುದೆಂದು ಪಾತ್ರೆ ತೊಳೆಯುವ ಕಟ್ಟೆಯ ಬಳಿ ನಿಂತು ಕಲಿತೆ.

ತಪ್ಪನ್ನು ತಿದ್ದಲು ಹೊರಟಾಗ ನಿಯಮಾವಳಿಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಅಂಗೀಕಾರವಾದ ನಿಯಮಗಳನ್ನು ಮೂರು ವರ್ಷ ಪುನರ್ವಿಮರ್ಶೆಗೆ ತರುವಂತಿಲ್ಲ ಎಂದು ಕಡೆಯ ಪುಟದಲ್ಲಿದೆ. ಅದರ ಕೆಳಗೆ ನನ್ನದೇ ರುಜು. ಮಂಡಳಿಯವರ ಮುಂದೆ ಕೈಮುಗಿದೆ. “ನೀವೇ ಸರ್ವಾನುಮತ ಅಂದ್ರಲ್ಲ ಹಿರಿಯರೇ” ಎಂದರು. ಅವರು ಅಂದದ್ದು ಸತ್ಯವೇ. ಅಕ್ಕನ ಗಂಡ ಈಗ ಊರಿನ ಇನ್ನೊಂದು ತುದಿಯಲ್ಲಿ, ಅವರ ಅಣ್ಣನ ಮಗನ ಮನೆಯ ಮೂರನೆಯ ಮಹಡಿಯಲ್ಲಿದ್ದಾರೆ. ಹಗಲಿನಲ್ಲಿ ಆ ಮನೆಯವರು ದುಡಿಮೆಗೆ ಹೋಗುತ್ತಾರೆ. ಅಕ್ಕ ಮಧ್ಯಾಹ್ನದ ಊಟ ಬಡಿಸಿ ಮುಗಿಸಿ, ಎರಡು ಬಸ್ಸು ಹತ್ತಿ ಅಲ್ಲಿಗೆ ತಲುಪುವವರೆಗೆ ಅವರು ಮಲಗಿದ ಮಗ್ಗುಲಲ್ಲೇ ಇರುತ್ತಾರೆ. ಈಗಾಗಲೇ ಬೆನ್ನಿನಲ್ಲಿ ಹುಣ್ಣಾಗಿದೆ. “ಅಲ್ಲೂ ಚಮಚ ಇದೆ, ಗೋಡೆ ಇದೆ. ಗೋಡೆ ಆಚೆ ನಾನಿಲ್ಲ” ಎಂದರು ಅಕ್ಕ. ಕೆಲಸ ಬಿಟ್ಟರೆ ಔಷಧಕ್ಕೆ ಗತಿಯಿಲ್ಲ. ಬಿಡದಿದ್ದರೆ ಗಂಡನಿಗೆ ಗತಿಯಿಲ್ಲ.

ಈಗ ತಮ್ಮ ಮಸೂದೆಗೆ ಬರುತ್ತೇನೆ. ದುಡಿಯುವ ಸ್ಥಳದಲ್ಲೇ ದೀರ್ಘಕಾಲ ನೆಲೆಸಿದವರ ಕುಟುಂಬವನ್ನು ತೆರವುಗೊಳಿಸುವ ಮುನ್ನ ನ್ಯಾಯಮಂಡಳಿಯು ಅವರ ಅಹವಾಲು ಕೇಳಲೇಬೇಕೆಂಬ ಹಳೆಯ ಕಾಯಿದೆಯೊಂದಿದೆ. ಕೇಳದೆ ತೆರವುಗೊಳಿಸಿದ್ದರೆ ಮರಳಿ ನೆಲೆಗೊಳಿಸುವ ಅಧಿಕಾರವೂ ಆ ನ್ಯಾಯಮಂಡಳಿಗಿದೆ. ಅದರಡಿಯಲ್ಲಿ ಅಕ್ಕ ಅರ್ಜಿ ಹಾಕಿದ್ದಾರೆ. ಬರೆದುಕೊಟ್ಟವನು ನಾನು, ಎದುರುದಾರರಲ್ಲಿ ಮೊದಲನೆಯವನೂ ನಾನು. “ನಿಮ್ಮ ಮೇಲೆ ನೀವೇ ಕೇಸು ಹಾಕಿಸ್ತಿದೀರಲ್ಲ, ಗೆಲ್ಲೋದು ಯಾರು?” ಎಂದು ಕಾರ್ಯದರ್ಶಿಗಳು ಹಂಗಿಸಿದರು. “ನಾನು ಸೋಲ್ಬೇಕು ಅಂತಲೇ ಹಾಕ್ಸಿದ್ದು” ಎಂದೆ. ಮುಂದಿನ ತಿಂಗಳು ವಿಚಾರಣೆ. ಆದರೆ ಒಮ್ಮೆ ಓದದೆ ಕೆಟ್ಟವನಾದ ನಾನು ಈ ಬಾರಿ ಭೂತಗನ್ನಡಿ ಹಿಡಿದು ತಮ್ಮ ಸಂಹಿತೆಯನ್ನು ಆದ್ಯಂತ ಓದಿದ್ದೇನೆ. ಕೊನೆಯ ಅನುಸೂಚಿಯಲ್ಲಿ, ರದ್ದಾಗುವ ಕಾಯಿದೆಗಳ ಸಾಲಿನಲ್ಲಿ, ಅಕ್ಕನ ಆ ಕಾಯಿದೆಯಿದೆ. ಅದರ ಬದಲಿಗೆ ಸಂಹಿತೆಯಲ್ಲಿ ಏನೂ ಇಲ್ಲ. ‘ಬಾಕಿಯಿರುವ ಅರ್ಜಿಗಳು ಕೊನೆಗೊಂಡಂತೆ ಭಾವಿಸತಕ್ಕದ್ದು’ ಎಂಬ ಒಂದು ವಾಕ್ಯ ಮಾತ್ರ ಇದೆ.

ಇದನ್ನು ದುರುದ್ದೇಶದಿಂದ ಬರೆದರೆಂದು ನಾನು ಹೇಳಲಾರೆ. ನಮ್ಮ ಕಾರ್ಯದರ್ಶಿಗಳಿಗೂ ದುರುದ್ದೇಶವಿರಲಿಲ್ಲ. ಬರೆದವರ ಕಣ್ಣಿಗೆ ಅಕ್ಕ ಬಿದ್ದಿರಲಿಲ್ಲ, ಅಷ್ಟೆ. ಹಾಗೆ ಕಣ್ಣಿಗೆ ಬೀಳದವರನ್ನು ಕರೆದು ಎದುರಿಗೆ ಕೂರಿಸಿ, ಬರೆದ ಅಧಿಕಾರಿಗಳನ್ನು ಪಕ್ಕದಲ್ಲಿ ಕೂರಿಸಿ, ‘ಈ ಕಲಮು ಇವರಿಗೇನು ಮಾಡುತ್ತದೆ, ಹೇಳಿ’ ಎಂದು ಕೇಳುವುದಕ್ಕೇ ಅಲ್ಲವೇ ಸಮಿತಿಗಳಿರುವುದು? ವಿಳಂಬವಾಗುತ್ತದೆ ಎನ್ನುತ್ತೀರಿ. ಈ ಸಂಹಿತೆಯನ್ನು ಸಿದ್ಧಪಡಿಸಲು ಇಲಾಖೆಯವರು ವರ್ಷಗಟ್ಟಲೆ ಕಳೆದಾಗ ಯಾರಿಗೂ ಅವಸರವಿರಲಿಲ್ಲ. ಓದಬೇಕಾದವರ ಕೈಗೆ ಬಂದ ಕೂಡಲೇ ಕಾಲ ದುರ್ಲಭವಾಯಿತೇ? ಪಕ್ಷದ ಸಚೇತಕರ ಆಜ್ಞೆಯಿದೆ ಎನ್ನುತ್ತೀರಿ. ಮತ ಹೇಗೆ ಹಾಕಬೇಕೆಂದು ಅವರು ಆಜ್ಞಾಪಿಸಬಹುದು, ಓದಕೂಡದೆಂದು ಆಜ್ಞಾಪಿಸಿದ್ದಾರೆಯೇ? ಮಸೂದೆಯನ್ನು ಸಮಿತಿಗೆ ಕಳುಹಿಸಿ ಎಂದು ಪಕ್ಷದ ಸಭೆಯಲ್ಲಿ ಕೇಳಿದರೆ ನಾಲಗೆ ಬಿದ್ದುಹೋಗುವುದೇ? ಧ್ವನಿಮತದಿಂದ ಅಂಗೀಕಾರವಾಗಬಹುದೆಂದು ಪತ್ರಿಕೆಯಲ್ಲಿ ಓದಿದ ನನ್ನ ತಂಗಿ, “ಹಾಗಂದ್ರೆ ಜೋರಾಗಿ ಕೂಗಿದೋರು ಗೆದ್ದಂಗೆ. ನನ್ನ ಕಳ್ಸು, ನಾನೊಬ್ಳೇ ಸಾಕು” ಎಂದಳು. ನಗಬೇಕೆನಿಸಿತು, ನಗಲಾಗಲಿಲ್ಲ.

ತಮ್ಮನ್ನು ಜರೆಯುವ ಯೋಗ್ಯತೆ ನನಗಿಲ್ಲ. ಕಳೆದ ಚುನಾವಣೆಯಲ್ಲಿ ತಮಗಾಗಿ ಬೀದಿ ಬೀದಿ ಸುತ್ತಿ, ‘ಇವರು ನಮ್ಮ ಕಣ್ಣಾಗಿರುತ್ತಾರೆ’ ಎಂದು ಹೇಳಿದವನು ನಾನೇ. ನನ್ನ ಅಪರಾಧ ಒಂದು ಅಡುಗೆಮನೆಯ ಹಿಂದಿನ ಕೋಣೆಯನ್ನು ಬರಿದು ಮಾಡಿತು. ತಮ್ಮ ಒಂದು ‘ಹೌದು’ ಎಷ್ಟು ಕೋಣೆಗಳನ್ನು ಬರಿದು ಮಾಡೀತೆಂದು ನಾನು ಬಲ್ಲವನಲ್ಲ. ತಾವೂ ಬಲ್ಲಿರೆಂದು ತೋರುವುದಿಲ್ಲ. ಅದನ್ನು ತಿಳಿದ ಮೇಲೆ ‘ಹೌದು’ ಎನ್ನಿ, ಬೇಡವೆನ್ನುವುದಿಲ್ಲ.

ಆದುದರಿಂದ ನನ್ನ ಬೇಡಿಕೆ ಇಷ್ಟೇ: ಮಸೂದೆಯನ್ನು ಸ್ಥಾಯಿ ಸಮಿತಿಗೆ ಒಪ್ಪಿಸಬೇಕೆಂದು ತಾವು ಸದನದಲ್ಲಿ ಕೇಳಬೇಕು, ಅಕ್ಕನಂಥವರ ಮಾತನ್ನು ಸಮಿತಿ ಕೇಳುವಂತೆ ನೋಡಿಕೊಳ್ಳಬೇಕು, ಅಲ್ಲಿಯವರೆಗೆ ‘ಹೌದು’ ಎನ್ನಬಾರದು.

ಮತಕ್ಕೆ ಹಾಕುವ ದಿನ ಅಕ್ಕ ಮತ್ತು ನನ್ನ ತಂಗಿ ಪ್ರೇಕ್ಷಕರ ಗ್ಯಾಲರಿಯಲ್ಲಿ ಇರುತ್ತಾರೆ. ಅವರು ಮರಳುವವರೆಗೆ ಅಕ್ಕನ ಗಂಡನ ಪಕ್ಕದಲ್ಲಿ ನಾನಿರುತ್ತೇನೆ. ಪ್ರವೇಶಪತ್ರಕ್ಕೆ ಶಿಫಾರಸು ಬರೆದುಕೊಟ್ಟದ್ದು ತಮ್ಮ ಕಚೇರಿಯೇ, ಅದಕ್ಕಾಗಿ ಕೃತಜ್ಞನು. ಗ್ಯಾಲರಿಯಲ್ಲಿ ಯಾರೂ ಎದ್ದು ನಿಲ್ಲಕೂಡದಂತೆ, ನಿಂತರೆ ಹೊರಗೆ ಕಳಿಸುವರಂತೆ ಎಂದು ಅಕ್ಕನಿಗೆ ಮುಂಚಿತವಾಗಿಯೇ ತಿಳಿಸಿದೆ.

“ನಾನ್ಯಾಕೆ ನಿಲ್ಲಲಿ ಹಿರಿಯರೇ?” ಎಂದರು ಅಕ್ಕ. “ನಾನು ಒಂದ್ಸಲ ನಿಂತಾಯ್ತು. ಈ ಸಲ ಅವ್ರು ನಿಲ್ಲಲಿ.”

ಇಂತಿ,
ನೋಡಬೇಕಾದ ಹೊತ್ತಿನಲ್ಲಿ ಪ್ರಾರ್ಥಿಸಿದ,
ತಮ್ಮ ಕ್ಷೇತ್ರದ ಒಬ್ಬ ಹಿರಿಯ ಮತದಾರ